ಕಾರಣ ಬರೆಯುವ ಅಭ್ಯಾಸ

ಎಣಿಸಬಲ್ಲ, ಒಂದರಿಂದೊಂದನ್ನು ಬಿಡಿಸಿ ತೋರಿಸಬಲ್ಲ ವಸ್ತುಗಳನ್ನು ಕುರಿತ ಗಣಿತಕ್ಕೆ ವಿವಿಕ್ತ ಗಣಿತವೆಂದು ಹೆಸರು. ಕಾಲ, ಉದ್ದ, ಉಷ್ಣತೆಗಳಂತೆ ಎಡೆಬಿಡದೆ ಬದಲಾಗುವ ಪರಿಮಾಣಗಳನ್ನು ಕಲನಶಾಸ್ತ್ರ ವಿಚಾರಿಸಿಕೊಂಡರೆ, ಪೂರ್ಣಾಂಕಗಳು, ನಿಜ ಅಥವಾ ಸುಳ್ಳು ಎಂದು ಖಚಿತವಾಗಿ ಹೇಳಬಹುದಾದ ತಾರ್ಕಿಕ ಹೇಳಿಕೆಗಳು, ಗಣಗಳು, ಕ್ರಮಯೋಜನೆಗಳು, ಬಿಂದುಗಳನ್ನು ಗೆರೆಗಳಿಂದ ಕೂಡಿಸಿದ ಜಾಲಾಕೃತಿಗಳು ವಿವಿಕ್ತ ಗಣಿತದ ಪಾಲಿಗೆ ಬರುತ್ತವೆ. ಗಣಕಯಂತ್ರವು ಸೊನ್ನೆ ಮತ್ತು ಒಂದುಗಳ ಸಾಲುಗಳಲ್ಲೇ ಕೆಲಸ ಮಾಡುವುದರಿಂದ ಕಂಪ್ಯೂಟರ್ ಸೈನ್ಸ್ ಓದುವವರಿಗೆ ಇದು ತಳಹದಿಯ ವಿಷಯ. ಈ ವಿಷಯದ ಕಲಿಕೆಯಲ್ಲಿ ತರಗತಿಯ ಪಾಠಕ್ಕಿಂತ ಹೆಚ್ಚಿನ ಭಾರ ಹೊರುವುದು ತರಗತಿಯ ಹೊರಗೆ ನಡೆಯುವ ಎರಡು ಕೆಲಸಗಳು: ಮೊದಲೇ ಓದಿಕೊಂಡು ಬರಬೇಕಾದ ಪುಟಗಳು ಮತ್ತು ಬಿಡಿಸಿ ತರಬೇಕಾದ ಲೆಕ್ಕಗಳು. ಇಲ್ಲಿ ಉತ್ತರ ಬಹುಪಾಲು ಚಿಕ್ಕದಾಗಿರುತ್ತದೆ, ಕೆಲವೊಮ್ಮೆ ಪ್ರಶ್ನೆಯಲ್ಲೇ ಇರುತ್ತದೆ; ವಿದ್ಯಾರ್ಥಿಯಿಂದ ನಿರೀಕ್ಷಿಸುವುದು ಆ ಉತ್ತರ ಏಕೆ ಸರಿ ಎಂಬ ಕಾರಣವನ್ನು. ಕಾರಣವನ್ನು ಇನ್ನೊಬ್ಬರು ಹೇಳಿದಾಗ ಕೇಳಿ ತಲೆದೂಗುವುದು ಸುಲಭ, ಖಾಲಿ ಹಾಳೆಯ ಮೇಲೆ ತಾನೇ ಬರೆಯುವುದು ಬೇರೆಯೇ ಸಾಮರ್ಥ್ಯ, ಮತ್ತು ಆ ಸಾಮರ್ಥ್ಯ ಅಭ್ಯಾಸದಿಂದಲ್ಲದೆ ಬರುವುದಿಲ್ಲ.

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳಲ್ಲಿ ಈ ವಿಷಯವನ್ನು ಕುರಿತು ಯೋಚಿಸಲು ಎರಡು ಕಾರಣಗಳಿವೆ. ಬೆಳಗಾವಿಯ ಕರ್ನಾಟಕ ಲಾ ಸೊಸೈಟಿಯು 2004ರಲ್ಲಿ ಹಳಿಯಾಳದಲ್ಲಿ ವಿಶ್ವನಾಥರಾವ್ ದೇಶಪಾಂಡೆ ಅವರ ಹೆಸರಿನ ಎಂಜಿನಿಯರಿಂಗ್ ಕಾಲೇಜನ್ನು ಆರಂಭಿಸಿದ ಮೇಲೆ, 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮವು ಈ ಕಾಡುಸೀಮೆಯ ನಡುವೆಯೇ ಕಲಿಯಲು ಸಿಗುವಂತಾಯಿತು ಎಂಬುದು ಮೊದಲನೆಯದು. ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ ಮೂರನೆಯ ಸೆಮಿಸ್ಟರಿಗೆ ಇದ್ದ, ವಿದ್ಯಾರ್ಥಿಗಳು ಡಿಎಂಎಸ್ ಎಂದು ಕರೆಯುವ ಈ ವಿಷಯಕ್ಕೆ ಐದು ಮಾಡ್ಯೂಲ್‌ಗಳು: ತರ್ಕದ ಮೂಲತತ್ತ್ವಗಳು, ಗಣಿತೀಯ ಅನುಗಮನ ಮತ್ತು ಎಣಿಕೆಯ ನಿಯಮಗಳು, ಸಂಬಂಧಗಳು ಮತ್ತು ಫಲನಗಳು, ಸೇರಿಸಿ ಕಳೆಯುವ ತತ್ತ್ವ ಹಾಗೂ ಪುನರಾವರ್ತನ ಸಂಬಂಧಗಳು, ಕೊನೆಗೆ ಜಾಲಾಕೃತಿಗಳ ಪರಿಚಯ. ಎರಡನೆಯ ಕಾರಣ ಮುಂಡಗೋಡದಲ್ಲಿದೆ, ಅದರ ವಿಚಾರ ಮುಂದೆ ಬರುತ್ತದೆ.

ಈ ವಿಷಯಕ್ಕೆ ರಾಲ್ಫ್ ಗ್ರಿಮಾಲ್ಡಿಯವರ 1985ರಲ್ಲಿ ಮೊದಲು ಅಚ್ಚಾದ ಗ್ರಂಥವೂ ಕೆನೆತ್ ರೋಸೆನ್ ಅವರ 1988ರ ಗ್ರಂಥವೂ ನಮ್ಮ ಕಾಲೇಜುಗಳಲ್ಲಿ ಬಳಕೆಯಲ್ಲಿವೆ. ಎರಡೂ ದಪ್ಪ ಪುಸ್ತಕಗಳು. ಎರಡರಲ್ಲೂ ಬೆಸಸಂಖ್ಯೆಯ ಲೆಕ್ಕಗಳಿಗೆ ಹಿಂದಿನ ಪುಟಗಳಲ್ಲಿ ಉತ್ತರ ಕೊಟ್ಟಿರುತ್ತಾರೆ, ಸಮಸಂಖ್ಯೆಯವನ್ನು ಹಾಗೆಯೇ ಬಿಟ್ಟಿರುತ್ತಾರೆ. ಈ ಏರ್ಪಾಟಿನ ಹಿಂದೆ ಒಂದು ಬೋಧನಾಕ್ರಮವಿದೆ. ಬೆಸಸಂಖ್ಯೆಯ ಲೆಕ್ಕವನ್ನು ವಿದ್ಯಾರ್ಥಿ ತಾನೇ ಮಾಡಿ, ಹಿಂದಿನ ಪುಟದೊಡನೆ ತಾಳೆ ನೋಡಿ, ತಪ್ಪಿದ್ದರೆ ಎಲ್ಲಿ ತಪ್ಪಿತೆಂದು ಹುಡುಕಿ ಕಲಿಯಬೇಕು. ಸಮಸಂಖ್ಯೆಯ ಲೆಕ್ಕವನ್ನು ಬೇರೆಯವರ ಉತ್ತರದ ಆಸರೆಯಿಲ್ಲದೆ, ತನ್ನ ಕಾರಣದ ಬಲದಿಂದಲೇ ಸರಿ ಎಂದು ನಿರ್ಧರಿಸಬೇಕು. ಮೊದಲನೆಯದು ಕಲಿಕೆಯ ಲೆಕ್ಕ, ಎರಡನೆಯದು ಪರೀಕ್ಷೆಯ ಲೆಕ್ಕ.

ಓದಿಕೊಂಡು ಬರಬೇಕಾದ ಪುಟಗಳ ಮಹತ್ವವನ್ನು ವಿದ್ಯಾರ್ಥಿಗಳು ಕಡೆಗಣಿಸುವುದು ಹೆಚ್ಚು, ಏಕೆಂದರೆ ಓದಿದ್ದಕ್ಕೆ ಅಂಕವಿಲ್ಲ. ಗಣಿತದ ಪುಸ್ತಕವನ್ನು ಕಾದಂಬರಿಯ ವೇಗದಲ್ಲಿ ಓದಲಾಗದು. ಒಂದು ಪುಟಕ್ಕೆ ಅರ್ಧ ಗಂಟೆ ಹಿಡಿದರೆ ಅದು ಓದುಗನ ಮಂದಬುದ್ಧಿಯ ಗುರುತಲ್ಲ. ವ್ಯಾಖ್ಯೆ ಬಂದಾಗ ಅದಕ್ಕೆ ಹೊಂದುವ ಒಂದು ಉದಾಹರಣೆಯನ್ನೂ ಹೊಂದದ ಇನ್ನೊಂದನ್ನೂ ಪೆನ್ಸಿಲ್ಲಿನಿಂದ ಅಂಚಿನಲ್ಲಿ ಬರೆಯುವುದು, ಪ್ರಮೇಯ ಬಂದಾಗ ಅದರ ಷರತ್ತುಗಳಲ್ಲಿ ಒಂದನ್ನು ತೆಗೆದರೆ ಏನಾಗುವುದೆಂದು ನೋಡುವುದು, ಸಾಧನೆ ಬಂದಾಗ ಪುಸ್ತಕ ಮುಚ್ಚಿ ಮುಂದಿನ ಸಾಲನ್ನು ಊಹಿಸುವುದು ಈ ಓದಿನ ರೀತಿ. ಹೀಗೆ ಓದಿ ಬಂದವನಿಗೆ ತರಗತಿಯಲ್ಲಿ ಕೇಳಲು ಪ್ರಶ್ನೆ ಇರುತ್ತದೆ. ಓದದೆ ಬಂದವನಿಗೆ ಫಲಕದ ಮೇಲಿನದನ್ನು ನಕಲು ಮಾಡುವ ಕೆಲಸವಷ್ಟೇ ಉಳಿಯುತ್ತದೆ.

ತರ್ಕದ ಅಧ್ಯಾಯದ ಮೊದಲ ಪುಟಗಳಲ್ಲೇ ಈ ವ್ಯತ್ಯಾಸ ಕಾಣಿಸುತ್ತದೆ. ‘ಹೀಗಾದರೆ ಹಾಗೆ’ ಎಂಬ ರೂಪದ ಹೇಳಿಕೆಯ ಪೂರ್ವಭಾಗವೇ ಸುಳ್ಳಾಗಿದ್ದರೆ ಇಡೀ ಹೇಳಿಕೆಯನ್ನು ನಿಜವೆಂದು ಎಣಿಸಬೇಕೆಂದು ಸತ್ಯಕೋಷ್ಟಕ ಹೇಳುತ್ತದೆ. ನಿಜ–ಸುಳ್ಳುಗಳ ಎಲ್ಲ ಜೋಡಿಗಳನ್ನೂ ಸಾಲಾಗಿ ಬರೆದ ಪಟ್ಟಿಗೆ ಸತ್ಯಕೋಷ್ಟಕವೆಂದು ಹೆಸರು. ಈ ಸಾಲು ಬಹಳ ವಿದ್ಯಾರ್ಥಿಗಳಿಗೆ ಒಪ್ಪಿಗೆಯಾಗುವುದಿಲ್ಲ, ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ. ಆದರೆ ‘ಪಾಸಾದರೆ ಸೈಕಲ್ ಕೊಡಿಸುತ್ತೇನೆ’ ಎಂದ ತಂದೆ, ಮಗ ಪಾಸಾಗದೆ ಸೈಕಲ್ ಕೊಡಿಸದಿದ್ದಾಗ ಮಾತಿಗೆ ತಪ್ಪಿದಂತಾಗುವುದಿಲ್ಲ. ಪಾಸಾಗಿಯೂ ಕೊಡಿಸದಿದ್ದಾಗ ಮಾತ್ರ ತಪ್ಪುತ್ತಾನೆ. ಈ ಒಂದು ಉದಾಹರಣೆಯನ್ನು ಸ್ವಂತವಾಗಿ ಯೋಚಿಸಿ ಬರೆದವನಿಗೆ ಕೋಷ್ಟಕ ಮತ್ತೆ ಮರೆಯುವುದಿಲ್ಲ. ಹಾಗೆಯೇ, ಹೊಗೆ ಇರುವಲ್ಲಿ ಬೆಂಕಿ ಇದೆ ಎಂಬುದರಿಂದ ಬೆಂಕಿ ಇರುವಲ್ಲಿ ಹೊಗೆ ಇದೆ ಎಂದು ಹೇಳಲಾಗದು; ಮೊದಲನೆಯದನ್ನು ತಿರುವುಮುರುವು ಮಾಡಿದ ಈ ಹೇಳಿಕೆಗೆ ವಿಲೋಮವೆಂದು ಹೆಸರು, ಅದು ಸುಳ್ಳೆಂದು ತೋರಿಸಲು ನ್ಯಾಯಶಾಸ್ತ್ರದವರು ಕಾದು ಕೆಂಪಾದ ಕಬ್ಬಿಣದ ಗುಂಡನ್ನು ಎತ್ತಿ ತೋರಿಸಿದ್ದಾರೆ. ಬೆಂಕಿ ಇಲ್ಲದಲ್ಲಿ ಹೊಗೆಯೂ ಇಲ್ಲ ಎಂಬುದಾದರೋ ಮೂಲ ಹೇಳಿಕೆಗೆ ಸರಿಸಮಾನ.

ಗಣಿತೀಯ ಅನುಗಮನದ ಲೆಕ್ಕಗಳಲ್ಲಿ ಕಾರಣ ಇನ್ನೂ ಸೂಕ್ಷ್ಮವಾದ ಜಾಗದಲ್ಲಿ ಕುಳಿತಿರುತ್ತದೆ. ಒಂದು ಹೇಳಿಕೆ 1ಕ್ಕೆ ನಿಜ, ಮತ್ತು ಯಾವುದೇ ಸಂಖ್ಯೆಗೆ ನಿಜವಾದರೆ ಅದರ ಮುಂದಿನ ಸಂಖ್ಯೆಗೂ ನಿಜ ಎಂದು ತೋರಿಸಿದರೆ ಅದು ಎಲ್ಲ ಧನಪೂರ್ಣಾಂಕಗಳಿಗೂ ನಿಜ ಎಂಬುದು ಅನುಗಮನದ ಸಾರ. ಮೊದಲ n ಬೆಸಸಂಖ್ಯೆಗಳ ಮೊತ್ತ n ನ ವರ್ಗ ಎಂಬುದನ್ನು ಸಾಧಿಸುವಾಗ, k ಬೆಸಸಂಖ್ಯೆಗಳ ಮೊತ್ತ k ನ ವರ್ಗವೆಂದು ಇಟ್ಟುಕೊಂಡು, ಅದಕ್ಕೆ ಮುಂದಿನ ಬೆಸಸಂಖ್ಯೆಯಾದ 2k+1 ಅನ್ನು ಸೇರಿಸಿದರೆ k+1 ರ ವರ್ಗ ಸಿಗುತ್ತದೆ. ಇಟ್ಟುಕೊಂಡ ಮಾತನ್ನು ಯಾವ ಸಾಲಿನಲ್ಲಿ ಬಳಸಿದೆನೆಂದು ವಿದ್ಯಾರ್ಥಿ ಬೆರಳಿಟ್ಟು ತೋರಿಸಬಲ್ಲನಾದರೆ ಅವನಿಗೆ ಸಾಧನೆ ತಿಳಿದಿದೆ. ತೋರಿಸಲಾರನಾದರೆ ಎಲ್ಲ ಸಾಲುಗಳೂ ಸರಿಯಾಗಿದ್ದರೂ ಅದು ಇನ್ನೊಬ್ಬರ ಸಾಧನೆ. ಅಸೈನ್‌ಮೆಂಟ್ ತಿದ್ದುವ ಅಧ್ಯಾಪಕರು ಈ ಒಂದು ಸಾಲನ್ನು ಕೇಳಿದರೂ ಸಾಕು, ಕಲಿತವರು ಯಾರು, ಬರೆದುಕೊಂಡವರು ಯಾರು ಎಂಬುದು ಗೊತ್ತಾಗುತ್ತದೆ.

ಮುಂಡಗೋಡದ ಸಂಗತಿ ಇಲ್ಲಿ ಪ್ರಸ್ತುತವಾಗುತ್ತದೆ. 1959ರಲ್ಲಿ ಟಿಬೆಟ್ ತೊರೆದು ಬಂದವರಿಗಾಗಿ 1966ರಲ್ಲಿ ಇಲ್ಲಿ ಆರಂಭವಾದ ವಸತಿಯಲ್ಲಿ ಡ್ರೆಪುಂಗ್ ಮತ್ತು ಗಾಂದೆನ್ ಮಹಾವಿಹಾರಗಳು ಮತ್ತೆ ತಲೆಯೆತ್ತಿದವು, ಮತ್ತು ಭಾರತದ ಬೌದ್ಧ ತಾರ್ಕಿಕರಾದ ದಿಙ್ನಾಗ, ಧರ್ಮಕೀರ್ತಿಗಳಿಂದ ಟಿಬೆಟ್ಟಿಗೆ ಹೋದ ಪ್ರಮಾಣಶಾಸ್ತ್ರ ಆ ಮಹಾವಿಹಾರಗಳೊಡನೆ ಭಾರತಕ್ಕೆ ಮರಳಿತು. ಅಲ್ಲಿನ ಭಿಕ್ಷುಗಳು ಗ್ರಂಥವನ್ನು ಕಂಠಸ್ಥ ಮಾಡಿದ ಮೇಲೆ ಅದನ್ನು ವಾದದ ಅಂಗಳಕ್ಕೆ ತರಬೇಕು: ಉತ್ತರ ಕೊಡುವವನು ನೆಲದ ಮೇಲೆ ಕುಳಿತಿರುತ್ತಾನೆ, ಪ್ರಶ್ನಿಸುವವನು ಎದುರಿಗೆ ನಿಂತು ಪ್ರಶ್ನೆಯ ಕೊನೆಗೆ ಚಪ್ಪಾಳೆ ತಟ್ಟುತ್ತಾನೆ. ಕುಳಿತವನ ಉತ್ತರಗಳು ಕೆಲವೇ: ಒಪ್ಪುವುದು, ಏಕೆಂದು ಕೇಳುವುದು, ಹೇತು ಸಿದ್ಧವಾಗಿಲ್ಲ ಎನ್ನುವುದು, ವ್ಯಾಪ್ತಿ ಇಲ್ಲ ಎನ್ನುವುದು. ಕೊಟ್ಟ ಕಾರಣವೇ ಸುಳ್ಳು ಎಂಬುದು ಮೂರನೆಯದರ ಅರ್ಥ. ಕಾರಣ ನಿಜವಾದರೂ ಅದರಿಂದ ತೀರ್ಮಾನ ಹೊರಡುವುದಿಲ್ಲ ಎಂಬುದು ನಾಲ್ಕನೆಯದರ ಅರ್ಥ. ಎಂಜಿನಿಯರಿಂಗ್ ವಿದ್ಯಾರ್ಥಿಯ ತರ್ಕದ ಮಾಡ್ಯೂಲಿನಲ್ಲಿ ವಾದವೊಂದು ಕೆಡಬಹುದಾದ ದಾರಿಗಳೂ ಇವೇ ಎರಡು.

ಆರಂಭದ ವಿದ್ಯಾರ್ಥಿಗಳ ವಾದ ಬಣ್ಣಗಳಿಂದ ತೊಡಗುತ್ತದೆ. ಬಣ್ಣವಾದುದೆಲ್ಲ ಕೆಂಪೇ ಎಂದು ಕೇಳಿದರೆ, ಅಲ್ಲವೆಂದು ಹೇಳಿ ಬಿಳಿಯ ಶಂಖದ ಬಣ್ಣವನ್ನು ಪ್ರತ್ಯುದಾಹರಣೆಯಾಗಿ ಮುಂದಿಡಬೇಕು. ‘ಎಲ್ಲ’ ಎಂಬ ಹೇಳಿಕೆಯನ್ನು ಒಂದೇ ಏಟಿಗೆ ಬೀಳಿಸುವ ಉದಾಹರಣೆಗೆ ಪ್ರತ್ಯುದಾಹರಣೆಯೆಂದು ಹೆಸರು. ಮುಂದೆ ಎರಡು ಪರಿಕಲ್ಪನೆಗಳನ್ನು ಕೊಟ್ಟು ಅವುಗಳ ಸಂಬಂಧವನ್ನು ಕೇಳುತ್ತಾರೆ. ಎರಡೂ ಸಮವ್ಯಾಪಕವೇ, ಪರಸ್ಪರ ವಿರುದ್ಧವೇ, ಒಂದು ಇನ್ನೊಂದರೊಳಗೆ ಅಡಗಿದೆಯೇ, ಅಥವಾ ಎರಡೂ ಆಗಿರುವುದು, ಮೊದಲನೆಯದು ಮಾತ್ರ, ಎರಡನೆಯದು ಮಾತ್ರ, ಎರಡೂ ಅಲ್ಲದ್ದು ಎಂಬ ನಾಲ್ಕು ಬಗೆಯೂ ಇವೆಯೇ ಎಂದು ನಿರ್ಧರಿಸಿ, ಪ್ರತಿ ಬಗೆಗೂ ಒಂದೊಂದು ಉದಾಹರಣೆ ಕೊಡಬೇಕು. ಗಣಸಿದ್ಧಾಂತದಲ್ಲಿ ಎರಡು ವೃತ್ತಗಳನ್ನು ಬರೆದು ವಿಭಾಗಗಳನ್ನು ಗುರುತಿಸುವ ವೆನ್ ಚಿತ್ರದ ಲೆಕ್ಕ ಇದೇ. ಓದಿದ್ದು ಎದುರಾಳಿಯ ಮುಂದೆ ನಿಲ್ಲುವವರೆಗೆ ಅದು ತಿಳಿವಳಿಕೆಯೆನಿಸುವುದಿಲ್ಲ ಎಂಬ ಈ ಶಿಸ್ತು, ಹಳಿಯಾಳದ ತರಗತಿಗೂ ಬೆಂಗಳೂರಿನ ತರಗತಿಗೂ ಸಮಾನವಾಗಿ ಬೇಕಾದದ್ದು.

ಕನ್ನಡ ಶಾಲೆಯಲ್ಲಿ ಓದಿದ ವಿದ್ಯಾರ್ಥಿ ಇಂಥ ಗಣಿತಕ್ಕೆ ಪೂರ್ತಿ ಹೊಸಬನೂ ಅಲ್ಲ. ಪದ್ಯಕ್ಕೆ ಪ್ರಸ್ತಾರ ಹಾಕಿ ಗಣ ವಿಂಗಡಿಸುವ ಕೆಲಸವನ್ನು ಅವನು ಪ್ರೌಢಶಾಲೆಯಲ್ಲೇ ಮಾಡಿರುತ್ತಾನೆ, ಮತ್ತು ಆ ಕೆಲಸ ಎಣಿಕೆಯ ಗಣಿತವೇ ಆಗಿದೆ. ಲಘು ಮತ್ತು ಗುರು ಎಂಬ ಎರಡು ಆಯ್ಕೆಗಳಿಂದ ಮೂರಕ್ಷರದ ಗಣಗಳು 2×2×2, ಅಂದರೆ 8. ಅವುಗಳ ಹೆಸರನ್ನು ನೆನಪಿಡಲು ಹೇಳಿಕೊಡುವ ‘ಯಮಾತಾರಾಜಭಾನಸಲಗಂ’ ಎಂಬ ಹತ್ತಕ್ಷರದ ಸೂತ್ರದಲ್ಲಿ ಮೊದಲ ಎಂಟರ ಪೈಕಿ ಯಾವ ಅಕ್ಷರದಿಂದ ಹಿಡಿದು ಮೂರು ಅಕ್ಷರ ತೆಗೆದುಕೊಂಡರೂ ಆ ಹೆಸರಿನ ಗಣ ಸಿಗುತ್ತದೆ. ಎಂಟೂ ಗಣಗಳು ಒಂದೊಂದೇ ಸಲ ಬರುತ್ತವೆ, ಕೊನೆಯ ಎರಡಕ್ಷರಗಳು ಮೊದಲಿನ ಎರಡರಂತೆಯೇ ಲಘು–ಗುರುಗಳಾದ್ದರಿಂದ ಸೂತ್ರವನ್ನು ಎಂಟಕ್ಷರದ ಬಳೆಯಾಗಿಯೂ ಜೋಡಿಸಬಹುದು. ಆಧುನಿಕ ಗಣಿತವು ಇಂಥ ಬಳೆಗಳನ್ನು ಡಚ್ ಗಣಿತಜ್ಞ ಡಿ ಬ್ರೂಯ್ನ್ ಅವರ ಹೆಸರಿನಿಂದ ಗುರುತಿಸುತ್ತದೆ.

ಮಾತ್ರೆಗಳ ಲೆಕ್ಕ ಇನ್ನೂ ಫಲವತ್ತಾದದ್ದು. ಲಘುವಿಗೆ ಒಂದು, ಗುರುವಿಗೆ ಎರಡು ಮಾತ್ರೆಯಾದರೆ ನಾಲ್ಕು ಮಾತ್ರೆಯ ಗಣಗಳು ಐದು ಬಗೆ. ಐದು ಮಾತ್ರೆಯವು ಎಷ್ಟೆಂದು ತಿಳಿಯಲು ಎಲ್ಲವನ್ನೂ ಬರೆದು ನೋಡಬೇಕಿಲ್ಲ: ಕೊನೆಯ ಅಕ್ಷರ ಲಘುವಾದರೆ ಅದರ ಹಿಂದೆ ನಾಲ್ಕು ಮಾತ್ರೆ ಉಳಿಯುತ್ತದೆ, ಗುರುವಾದರೆ ಮೂರು ಉಳಿಯುತ್ತದೆ, ಆದ್ದರಿಂದ 5+3=8. ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದು ಸಿಗುವ 1, 2, 3, 5, 8, 13, 21 ಎಂಬ ಈ ಸರಣಿಗೆ 1202ರಲ್ಲಿ ಗ್ರಂಥ ಬರೆದ ಇಟಲಿಯ ಫಿಬೊನಾಚ್ಚಿಯ ಹೆಸರು ಹತ್ತಿದೆಯಾದರೂ, ಅದಕ್ಕೆ ಮೊದಲೇ ವಿರಹಾಂಕ ಮತ್ತು ಹೇಮಚಂದ್ರರು ಛಂದಸ್ಸಿನ ಸಲುವಾಗಿ ಅದನ್ನು ಹೇಳಿದ್ದರು. ಹಿಂದಿನ ಪದಗಳಿಂದ ಮುಂದಿನ ಪದವನ್ನು ಪಡೆಯುವ ಇಂಥ ನಿಯಮವೇ ಪುನರಾವರ್ತನ ಸಂಬಂಧ. ಇದರ ಮೇಲೆ ಒಳ್ಳೆಯ ಅಸೈನ್‌ಮೆಂಟ್ ಲೆಕ್ಕವೊಂದನ್ನು ಕಟ್ಟಬಹುದು. ಭಾಮಿನಿ ಷಟ್ಪದಿಯಲ್ಲಿ ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳು ಒಂದಾದ ಮೇಲೊಂದು ಬರುತ್ತವೆ; ಗಣದ ಎಲ್ಲೆಯನ್ನು ಕಾಪಾಡಿದರೆ ಏಳು ಮಾತ್ರೆಗಳನ್ನು 3×5=15 ಬಗೆಯಲ್ಲಿ ತುಂಬಬಹುದು, ಎಲ್ಲೆಯನ್ನು ಬಿಟ್ಟರೆ 21 ಬಗೆ. ಉಳಿದ ಆರು ಎಲ್ಲಿಂದ ಬಂದವು? ಮೂರನೆಯ ಮತ್ತು ನಾಲ್ಕನೆಯ ಮಾತ್ರೆಗಳನ್ನು ಒಂದೇ ಗುರು ಆಕ್ರಮಿಸಿದಾಗ ಅದರ ಹಿಂದೆ ಎರಡು ಮಾತ್ರೆ, ಮುಂದೆ ಮೂರು ಮಾತ್ರೆ ಉಳಿಯುತ್ತದೆ; ಅವುಗಳನ್ನು ತುಂಬುವ ಬಗೆಗಳು 2×3=6. ಗಣದ ಮೊದಲಿಗೆ ಲಘುವಿನ ಮೇಲೆ ಗುರು ಬರಬಾರದೆಂಬ ಷಟ್ಪದಿಯ ನಿಯಮವನ್ನೂ ಸೇರಿಸಿದರೆ 15 ಬಗೆಗಳು 2×4=8ಕ್ಕೆ ಇಳಿಯುತ್ತವೆ. ಕನ್ನಡ ಬಲ್ಲ ವಿದ್ಯಾರ್ಥಿ ಈ ಲೆಕ್ಕವನ್ನು ಬಾಯಲ್ಲಿ ನುಡಿದು ಪರೀಕ್ಷಿಸಬಲ್ಲ.

ಇಂಥ ಅಭ್ಯಾಸಕ್ಕೆ ನಾಡಿನಲ್ಲಿ ಹಳೆಯ ಪರಂಪರೆಯೂ ಇದೆ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು 9ನೇ ಶತಮಾನದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಇಷ್ಟು ವಸ್ತುಗಳಿಂದ ಇಷ್ಟನ್ನು ಆರಿಸುವ ಬಗೆಗಳೆಷ್ಟು ಎಂಬ ವಿಕಲ್ಪದ ನಿಯಮವನ್ನು ಸಾಮಾನ್ಯ ರೂಪದಲ್ಲಿ ಕೊಟ್ಟಿದ್ದಾನೆ. 12ನೇ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಬರೆದು ಗಣಿತವನ್ನು ಕನ್ನಡಕ್ಕೆ ತಂದನು. ಇಂಗ್ಲಿಷ್ ಪುಸ್ತಕ ಹಿಡಿದ ಇಂದಿನ ವಿದ್ಯಾರ್ಥಿಗೆ ಕನ್ನಡದಲ್ಲಿ ಕಾರಣ ಹೇಳುವ ಅವಕಾಶ ಕೊಟ್ಟರೆ ಅದು ಹೊಸ ಪ್ರಯೋಗವೆನಿಸಬೇಕಾಗಿಲ್ಲ.

ನಾಲ್ಕು ತಾಲ್ಲೂಕುಗಳ ರಸ್ತೆಗಳೇ ಜಾಲಾಕೃತಿಯ ಮಾಡ್ಯೂಲಿಗೆ ಒಂದು ಪಾಠವಾಗಬಲ್ಲವು. ಜೋಯಿಡಾದಿಂದ ದಾಂಡೇಲಿ, ಅಲ್ಲಿಂದ ಹಳಿಯಾಳ, ಹಳಿಯಾಳದಿಂದ ಯಲ್ಲಾಪುರ, ಯಲ್ಲಾಪುರದಿಂದ ಮುಂಡಗೋಡ ಎಂಬ ನಾಲ್ಕು ರಸ್ತೆಗಳನ್ನಷ್ಟೇ ತೆಗೆದುಕೊಂಡು ಊರುಗಳನ್ನು ಸಂಪಾತ ಬಿಂದುಗಳಾಗಿಯೂ ರಸ್ತೆಗಳನ್ನು ಕಂಸಗಳಾಗಿಯೂ ಬರೆದರೆ, ಐದು ಬಿಂದುಗಳಲ್ಲಿ ಕೂಡುವ ಕಂಸಗಳ ಸಂಖ್ಯೆ ಕ್ರಮವಾಗಿ 1, 2, 2, 2, 1. ಅವುಗಳ ಮೊತ್ತ 8, ಅಂದರೆ ಕಂಸಗಳ ಇಮ್ಮಡಿ. ಪ್ರತಿ ಕಂಸಕ್ಕೂ ಎರಡು ತುದಿಗಳಿರುವುದರಿಂದ ಯಾವ ಜಾಲಾಕೃತಿಯಲ್ಲೂ ಹೀಗೆಯೇ ಆಗಬೇಕು. ಮಳೆಗಾಲದಲ್ಲಿ ಮರ ಬಿದ್ದು ಈ ನಾಲ್ಕರಲ್ಲಿ ಯಾವುದು ಮುಚ್ಚಿದರೂ ಜಾಲ ಎರಡು ಹೋಳಾಗುತ್ತದೆ; ಜೋಯಿಡಾ ಮತ್ತು ಮುಂಡಗೋಡಗಳ ನಡುವೆ ಒಂದೇ ಕಂಸ ಸೇರಿಸಿದರೆ ವಲಯ ಪೂರ್ತಿಯಾಗಿ, ಮುಂದೆ ಒಂದು ರಸ್ತೆ ಮುಚ್ಚಿದರೂ ಎಲ್ಲ ಊರುಗಳಿಗೂ ದಾರಿ ಉಳಿಯುತ್ತದೆ. ಆ ಎರಡು ಊರುಗಳ ನಡುವೆ ಕಾಡೂ ಕಣಿವೆಗಳೂ ಇರುವುದರಿಂದ ಅಂಥ ಕಂಸ ನೋಟ್‌ಬುಕ್ಕಿನಲ್ಲಷ್ಟೇ ಬರೆಯಬಹುದಾದದ್ದು. ಗಣಿತ ಯಾವುದನ್ನು ಉಳಿಸಿಕೊಳ್ಳುತ್ತದೆ, ಯಾವುದನ್ನು ಬಿಟ್ಟುಬಿಡುತ್ತದೆ ಎಂಬುದನ್ನು ಈ ಲೆಕ್ಕ ಮಾಡಿದ ವಿದ್ಯಾರ್ಥಿ ತನ್ನ ಊರಿನ ನಕಾಶೆಯ ಮೇಲೆಯೇ ಕಲಿಯುತ್ತಾನೆ.

ಇಷ್ಟೆಲ್ಲ ಸಾಧ್ಯತೆಗಳಿದ್ದೂ ನಾಡಿನ ಹಲವು ಕಾಲೇಜುಗಳಲ್ಲಿ ಅಸೈನ್‌ಮೆಂಟ್ ಎಂದರೆ ಒಬ್ಬರು ಬರೆದದ್ದನ್ನು ಇತರರು ಇಳಿಸಿಕೊಳ್ಳುವ ಕೆಲಸವಾಗಿರುವುದು ದುಃಖದ ಸಂಗತಿ. 2018ರ ಪಠ್ಯಕ್ರಮದಲ್ಲಿ 100ರಲ್ಲಿ 40, 2022ರದ್ದರಲ್ಲಿ 50 ಅಂಕಗಳು ಆಂತರಿಕ ಮೌಲ್ಯಮಾಪನಕ್ಕೆ ಮೀಸಲಾಗಿದ್ದು, ಅದರಲ್ಲಿ ಅಸೈನ್‌ಮೆಂಟಿಗೂ ಪಾಲಿದೆ. ಇಂಟರ್ನಲ್ಸ್ ಅಂಕ ಬೇಕು, ಸಮಯ ಕಡಿಮೆ, ಇಂಗ್ಲಿಷ್ ಪುಸ್ತಕದ ವಾಕ್ಯ ಕಠಿಣ, ಉತ್ತರ ಫೋನಿನಲ್ಲೇ ಸಿಗುತ್ತದೆ ಎಂಬ ಸ್ಥಿತಿಯಲ್ಲಿ ವಿದ್ಯಾರ್ಥಿಯನ್ನು ಮಾತ್ರ ದೂರುವುದು ನ್ಯಾಯವಲ್ಲ. ಈ ಸೀಮೆಯ ಮನೆಗಳಲ್ಲಿ ಕನ್ನಡದ ಜೊತೆಗೆ ಮರಾಠಿ, ಕೊಂಕಣಿ, ಉರ್ದು ಮಾತುಗಳಿವೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ‘ಏಕೆಂದರೆ’ ಎಂದು ತೊಡಗಿದರೆ ವಾಕ್ಯ ಮುಂದುವರಿಯುತ್ತದೆ, ಅದನ್ನೇ ಇಂಗ್ಲಿಷಿನಲ್ಲಿ ತೊಡಗಬೇಕಾದರೆ ಯೋಚನೆಯೂ ನಿಂತುಬಿಡುತ್ತದೆ.

ಪರಿಹಾರಗಳು ದುಬಾರಿಯವಲ್ಲ. ಹತ್ತು ಲೆಕ್ಕಗಳ ಬದಲು ಮೂರನ್ನು ಕೊಟ್ಟು ಪ್ರತಿ ಸಾಲಿಗೂ ಕಾರಣ ಬರೆಯಿಸಬಹುದು. ಮೊದಲ ಕರಡಿನಲ್ಲಿ ಕಾರಣವನ್ನು ಕನ್ನಡದಲ್ಲೇ ಬರೆದು, ಆಮೇಲೆ ಪರೀಕ್ಷೆಗೆ ಬೇಕಾದ ಇಂಗ್ಲಿಷಿಗೆ ತರಲು ಬಿಡಬಹುದು. ಮುಂಡಗೋಡದ ಮಹಾವಿಹಾರಗಳಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಸಹಯೋಗದಿಂದ ಆಧುನಿಕ ವಿಜ್ಞಾನದ ಪಾಠ ಆರಂಭವಾದಾಗ ಪಠ್ಯಗಳನ್ನು ಟಿಬೆಟನ್ ಮತ್ತು ಇಂಗ್ಲಿಷ್ ಎರಡರಲ್ಲೂ ಸಿದ್ಧಪಡಿಸಿದ್ದು ಈ ಮಾರ್ಗಕ್ಕೆ ನೆರೆಯಲ್ಲೇ ಇರುವ ನಿದರ್ಶನ. ಬರೆದದ್ದನ್ನು ಸಹಪಾಠಿಗಳೇ ಪರಸ್ಪರ ಪರೀಕ್ಷಿಸುವಂತೆಯೂ ಮಾಡಬಹುದು. ನಾಲ್ವರ ಗುಂಪಿನಲ್ಲಿ ಯಾರಿಗೂ ತಮ್ಮದೇ ಪುಸ್ತಕ ಬಾರದಂತೆ ಹಂಚುವ ಬಗೆಗಳು ಒಟ್ಟು 24ರಲ್ಲಿ 9, ಐವರಾದರೆ 120ರಲ್ಲಿ 44. ಸೇರಿಸಿ ಕಳೆಯುವ ತತ್ತ್ವದಿಂದ ಈ ಸಂಖ್ಯೆಗಳನ್ನು ಪಡೆಯುವುದು ನಾಲ್ಕನೆಯ ಮಾಡ್ಯೂಲಿನ ಪಾಠವೇ ಆಗಿದೆ. ಪರೀಕ್ಷಿಸುವವನು ಕೇಳಬೇಕಾದ ಪ್ರಶ್ನೆಗಳು ಎರಡೇ: ಈ ಕಾರಣ ನಿಜವೇ, ನಿಜವಾದರೆ ಇದರಿಂದ ಈ ತೀರ್ಮಾನ ಹೊರಡುತ್ತದೆಯೇ.

ನಾಳೆ ಒಂದು ಆಸ್ಪತ್ರೆಯ ದಾಖಲೆಯನ್ನೋ ಬ್ಯಾಂಕಿನ ಲೆಕ್ಕವನ್ನೋ ನಡೆಸುವ ತಂತ್ರಾಂಶವನ್ನು ಇದೇ ವಿದ್ಯಾರ್ಥಿಗಳು ಬರೆಯಲಿದ್ದಾರೆ, ಮತ್ತು ಅದು ಎಲ್ಲ ಸಂದರ್ಭಗಳಲ್ಲೂ ಸರಿಯಾಗಿ ನಡೆಯುತ್ತದೆ ಎಂದು ಹೇಳುವ ಹೊಣೆ ಅವರದಾಗಲಿದೆ. ಆ ಹೊಣೆಗೆ ಬೇಕಾದ ತಾಲೀಮು ಈ ವಿಷಯದ ಅಸೈನ್‌ಮೆಂಟ್ ಪುಸ್ತಕದಲ್ಲೇ ನಡೆಯಬೇಕು. ಆದ್ದರಿಂದ ಅಧ್ಯಾಪಕರು ಉತ್ತರಕ್ಕೆ ಕೊಡುವ ಅಂಕದಲ್ಲಿ ಅರ್ಧವನ್ನಾದರೂ ಕಾರಣಕ್ಕೆ ಮೀಸಲಿಡಲಿ. ವಿದ್ಯಾರ್ಥಿಗಳು ಪ್ರತಿ ವಾರ ಒಂದೇ ಒಂದು ಲೆಕ್ಕವನ್ನಾದರೂ ಯಾರದನ್ನೂ ನೋಡದೆ, ತಮಗೆ ಸಲೀಸಾದ ಮಾತಿನಲ್ಲಿ, ಕೇಳಿದವರಿಗೆ ಒಪ್ಪಿಸಿ ಹೇಳಬಲ್ಲಷ್ಟು ಪೂರ್ತಿಯಾಗಿ ಬರೆದು ತರಲಿ.